ಬೇಕಂತ ಮಾಡೋದಲ್ಲ, ಬೇಡ ಅಂದರೆ ನಿಲ್ಲೋದೂ ಅಲ್ಲ

ಜೂನ್‌ನಲ್ಲಿ ಶಾಲೆ ಶುರುವಾಗಿ ಮೂರು ವಾರ ಕಳೆಯಲಿ, ನಮ್ಮ ದಟ್ಟಗಳ್ಳಿಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಈ ಮಾತು ಬಂದೇ ಬರುತ್ತದೆ. ‘ಯಾಕೋ ನಮ್ಮ ಹುಡುಗ ಒಂದೇ ಸಮ ಕಣ್ಣು ಮಿಟುಕಿಸ್ತಾನೆ ಕಣ್ರೀ.’ ಇನ್ನೊಬ್ಬರ ಮಗಳು ಆಗಾಗ ಭುಜ ಹಾರಿಸುತ್ತಾಳೆ. ಮತ್ತೊಬ್ಬರ ಮಗ ನೆಗಡಿ ಇಲ್ಲದಿದ್ದರೂ ಮೂಗು ಸೊರ್ ಅನ್ನಿಸುತ್ತಾನೆ. ಕೇಳಿದವರೆಲ್ಲರ ಹತ್ತಿರವೂ ಒಂದೊಂದು ಉತ್ತರ ಸಿದ್ಧ. ‘ಮೊಬೈಲು ಜಾಸ್ತಿ ಆಯ್ತು’ ಅಂತ ಒಬ್ಬರು. ‘ದೃಷ್ಟಿ ಆಗಿರುತ್ತೆ, ಉಪ್ಪು-ಮೆಣಸಿನಕಾಯಿ ನಿವಾಳಿಸಿ’ ಅಂತ ಹಿರಿಯರು. ‘ಯಾರನ್ನೋ ನೋಡಿ ಕಲಿತಿರ್ತಾನೆ, ಎರಡು ಬಿಡಿ, ಸರಿಹೋಗ್ತಾನೆ’ ಅಂತ ಮೂರನೆಯವರು.

ಮೊದಲ ಎರಡು ಉತ್ತರದಿಂದ ಮಗುವಿಗೆ ಅಷ್ಟೇನೂ ನಷ್ಟವಿಲ್ಲ. ಮೂರನೆಯದರಿಂದ ಇದೆ. ಎಷ್ಟೋ ಮನೆಗಳಲ್ಲಿ, ಎಷ್ಟೋ ಕ್ಲಾಸ್‌ರೂಮುಗಳಲ್ಲಿ ಮಕ್ಕಳು ಏಟು ತಿನ್ನುತ್ತಿರುವುದು ತಮ್ಮ ಕೈಯಲ್ಲಿ ಇಲ್ಲದ ಕೆಲಸಕ್ಕೆ. ಅದಕ್ಕೇ ಈ ಸಲದ ಅಂಕಣ ಟಿಕ್ಸ್ ಬಗ್ಗೆ.

ಟಿಕ್ ಅಂದರೇನು?

ಕನ್ನಡದಲ್ಲಿ ಇದಕ್ಕೆ ಒಂದು ಮನೆಮಾತು ಬಳಕೆಯಲ್ಲಿಲ್ಲ. ಡಾಕ್ಟರುಗಳೂ ‘ಟಿಕ್’ ಅಂತಲೇ ಹೇಳುತ್ತಾರೆ. ನಾವು ಮಾತ್ರ ಎಲ್ಲವನ್ನೂ ‘ಚಾಳಿ’ ಅನ್ನೋ ಒಂದೇ ಡಬ್ಬಿಗೆ ತುಂಬಿಬಿಡುತ್ತೇವೆ. ಗೊಂದಲ ಅಲ್ಲಿಂದಲೇ ಶುರು.

ಇದ್ದಕ್ಕಿದ್ದಂತೆ, ಚಕ್ಕನೆ, ಮತ್ತೆ ಮತ್ತೆ ಬರುವ ಚಲನೆ ಅಥವಾ ಶಬ್ದವೇ ಟಿಕ್. ಅದಕ್ಕೆ ತಾಳ ಇರುವುದಿಲ್ಲ. ಎರಡು ಸಲ ಬಂದು ಸುಮ್ಮನಾಗುತ್ತದೆ, ಆಮೇಲೆ ಒಟ್ಟಿಗೆ ಹತ್ತು ಸಲ ಬರುತ್ತದೆ. ಕಣ್ಣು ಮಿಟುಕಿಸುವುದು, ಮೂಗು ಏರಿಸುವುದು, ಮುಖ ಸೊಟ್ಟ ಮಾಡುವುದು, ಕುತ್ತಿಗೆ ಝಾಡಿಸುವುದು, ಭುಜ ಹಾರಿಸುವುದು, ಇವೆಲ್ಲ ಚಲನೆಯ ಟಿಕ್‌ಗಳು. ಗಂಟಲು ಸರಿಮಾಡಿಕೊಳ್ಳುವುದು, ಮೂಗು ಸೊರ್ ಅನ್ನಿಸುವುದು, ‘ಹ್ಞೂಂ’ ಅನ್ನುವುದು, ಸಣ್ಣದಾಗಿ ಕಿರುಚುವುದು, ಇವು ಶಬ್ದದ ಟಿಕ್‌ಗಳು. ಕೆಲವು ಮಕ್ಕಳಲ್ಲಿ ಇವು ಇನ್ನಷ್ಟು ಉದ್ದವಾಗಿ, ಕುಣಿದು ನೆಲ ಮುಟ್ಟುವುದು, ಒಂದೇ ಪದ ಪದೇ ಪದೇ ಹೇಳುವುದು, ಹೀಗೂ ಇರುತ್ತವೆ.

ಸಾಮಾನ್ಯವಾಗಿ ಶುರುವಾಗುವುದು 4ರಿಂದ 6 ವರ್ಷದೊಳಗೆ. ಮೊದಲು ಕಣ್ಣು, ಆಮೇಲೆ ಮುಖ, ಕುತ್ತಿಗೆ, ಭುಜ ಅಂತ ಮೇಲಿಂದ ಕೆಳಗೆ ಇಳಿಯುವುದೇ ಹೆಚ್ಚು. ಹುಡುಗಿಯರಿಗಿಂತ ಹುಡುಗರಲ್ಲಿ ಮೂರು-ನಾಲ್ಕು ಪಟ್ಟು ಜಾಸ್ತಿ. ಒಂದು ತಿಂಗಳು ಜೋರಾಗಿರುತ್ತದೆ, ಮುಂದಿನ ತಿಂಗಳು ಇಲ್ಲವೇ ಇಲ್ಲ ಅನಿಸುತ್ತದೆ. ‘ಅಬ್ಬಾ, ಹೋಯ್ತು’ ಅಂದುಕೊಂಡ ವಾರಕ್ಕೆ ಇನ್ನೊಂದು ಹೊಸದು ಹಾಜರ್. ಪರೀಕ್ಷೆಯ ಭಯಕ್ಕೆ ಹೆಚ್ಚುವ ಹಾಗೆಯೇ ದಸರಾ ರಜೆಯ ಸಂಭ್ರಮಕ್ಕೂ ಹೆಚ್ಚುತ್ತದೆ. ಸುಸ್ತಾದಾಗ ಹೆಚ್ಚು. ಮನಸ್ಸಿಟ್ಟು ಆಟ ಆಡುವಾಗ, ಹಾಡುವಾಗ, ವೀಣೆಯೋ ತಬಲವೋ ನುಡಿಸುವಾಗ ಕಡಿಮೆ. ನಿದ್ದೆಯಲ್ಲಿ ಬಹುಮಟ್ಟಿಗೆ ಇರುವುದಿಲ್ಲ.

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಐವರಲ್ಲಿ ಒಬ್ಬರಿಗೆ ಯಾವಾಗಲಾದರೊಮ್ಮೆ ಇಂಥದ್ದು ಬಂದು ಹೋಗಬಹುದು ಅಂತ ವೈದ್ಯರು ಹೇಳುತ್ತಾರೆ. ಹೆಚ್ಚಿನವು ಒಂದು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಆದ್ದರಿಂದ ಮಗು ಕಣ್ಣು ಮಿಟುಕಿಸಿದ ಮೊದಲ ದಿನವೇ ಹೆದರಿ ಕೂರಬೇಕಾಗಿಲ್ಲ.

‘ನಿಲ್ಲಿಸು ಅಂದ್ರೆ ನಿಲ್ಲಿಸ್ತಾನಲ್ಲ!’

ನಮ್ಮ ಮಕ್ಕಳನ್ನು ಸಿಕ್ಕಿಸಿಹಾಕುವ ವಾದ ಇದು. ‘ನಾನು ಕಣ್ಣು ಬಿಟ್ಟರೆ ತಕ್ಷಣ ಸುಮ್ಮನಾಗ್ತಾನೆ. ಆ ಕಡೆ ತಿರುಗಿದ್ರೆ ಮತ್ತೆ ಶುರು. ಅಂದ್ಮೇಲೆ ಬೇಕಂತಲೇ ತಾನೆ?’

ಅಲ್ಲ. ಸ್ವಲ್ಪ ಹೊತ್ತು ತಡೆದಿಟ್ಟುಕೊಳ್ಳಲು ಆಗುವುದೇ ಟಿಕ್‌ನ ಒಂದು ಗುರುತು.

ಟಿಕ್ ಬರುವ ಮುಂಚೆ ಮೈಯ ಆ ಜಾಗದಲ್ಲಿ ಒಂಥರಾ ಒತ್ತಡ, ತುರಿಕೆ, ಬಿಗಿತ ಬರುತ್ತದೆ. ಸೀನು ಬರುವ ಮುಂಚೆ ಮೂಗಿನೊಳಗೆ ಆಗುತ್ತಲ್ಲ, ಹಾಗೆ. ಭುಜ ಹಾರಿಸಿದ ತಕ್ಷಣ ಆ ಒತ್ತಡ ಇಳಿಯುತ್ತದೆ, ಆಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಮದುವೆ ಮಂಟಪದಲ್ಲಿ ಮಂತ್ರ ಹೇಳುವಾಗ ಸೀನನ್ನು ಒಂದು ಕ್ಷಣ ತಡೆಯುತ್ತೇವಲ್ಲ, ಹಾಗಂತ ಸೀನು ನಮ್ಮ ಇಷ್ಟದ ಮೇಲೆ ಬರುತ್ತದೆ ಅಂತ ಯಾರಾದರೂ ಹೇಳುತ್ತಾರಾ? ಹತ್ತು ವರ್ಷದೊಳಗಿನ ಎಷ್ಟೋ ಮಕ್ಕಳಿಗೆ ಈ ಒತ್ತಡ ಗುರುತಿಸಲು, ಹೇಳಲು ಬರುವುದಿಲ್ಲ. ‘ಗೊತ್ತಿಲ್ಲ, ಬರುತ್ತೆ’ ಅಂತಾರೆ, ಅಷ್ಟೆ.

ಎದುರಿಗೆ ದೊಡ್ಡವರು ಇದ್ದಾಗ ಮಗು ಪೂರ್ತಿ ಶಕ್ತಿ ಹಾಕಿ ತಡೆದುಕೊಳ್ಳುತ್ತದೆ. ಆ ಶಕ್ತಿ ಎಲ್ಲಿಂದ ಬರಬೇಕು? ಪಾಠದ ಮೇಲಿರಬೇಕಾದ ಗಮನದಿಂದ. ‘ಕ್ಲಾಸಿನಲ್ಲಿ ಅಲುಗಾಡದೆ ಕೂತಿದ್ದಾನೆ, ಆದರೆ ಕೇಳಿದ್ದಕ್ಕೆ ಉತ್ತರ ಹೇಳಲ್ಲ’ ಅಂತ ಟೀಚರ್ ಹೇಳಿದರೆ, ಅವನು ಇಡೀ ಪೀರಿಯಡ್ಡು ತನ್ನ ಕುತ್ತಿಗೆಯನ್ನೇ ಕಾಯುತ್ತಿದ್ದಿರಬಹುದು. ಸಂಜೆ ಮನೆಗೆ ಬಂದು, ಬೂಟು ಬಿಚ್ಚಿ, ಸೋಫಾದ ಮೇಲೆ ಕೂತಾಗ ಎಲ್ಲವೂ ಸಡಿಲವಾಗುತ್ತದೆ. ‘ಶಾಲೆಯಲ್ಲಿ ಮಾಡದವನು ನನ್ನ ಮುಂದೆ ಮಾತ್ರ ಮಾಡ್ತಾನೆ’ ಅಂತ ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ. ನಿಮ್ಮ ಮುಂದೆ ಧೈರ್ಯವಾಗಿ ಇರಬಹುದು ಅಂತ ಅವನಿಗೆ ಗೊತ್ತು, ಅದಕ್ಕೇ.

ನನ್ನ ತಂಗಿಯ ಮಗನಿಗೆ ಆರನೇ ವಯಸ್ಸಿಗೆ ಕಣ್ಣಿನಿಂದ ಶುರುವಾಯಿತು. ಎಂಟಕ್ಕೆ ಕುತ್ತಿಗೆ. ಹತ್ತಕ್ಕೆ ಮುಖ ಮತ್ತು ಗಂಟಲು ಎರಡೂ. ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಯ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದು ಬಂತು: ‘ಪಾಠ ಮಾಡುವಾಗ ಮುಖ ಸೊಟ್ಟ ಮಾಡಿ ಅಣಕಿಸುತ್ತಾನೆ.’ ಎರಡು ದಿನ ಬಾಗಿಲ ಹೊರಗೆ ನಿಲ್ಲಿಸಿದ್ದರಂತೆ. ಭಾನುವಾರ ನಮ್ಮ ಮನೆಗೆ ಬಂದವನು ಕನ್ನಡಿ ಮುಂದೆ ನಿಂತು ಎರಡೂ ಕೈಯಲ್ಲಿ ಕೆನ್ನೆ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಏನೋ ಮಾಡ್ತಿದ್ದೀಯ ಅಂದರೆ, ‘ಹಿಂಗೆ ಹಿಡ್ಕೊಂಡ್ರೆ ಬರಲ್ವಾ ನೋಡ್ತಿದೀನಿ ದೊಡ್ಡಮ್ಮ’ ಅಂದ. ‘ನಾನು ಮಿಸ್ಸನ್ನ ಅಣಕಿಸಲಿಲ್ಲ’ ಅಂತ ಒಂದಲ್ಲ, ಮೂರು ಸಲ ಹೇಳಿದ.

ಇಲ್ಲಿ ಒಂದು ವಿಷಯ ಗಮನಿಸಿ. ಟಿಕ್‌ಗಳು ಅತಿ ಜೋರಾಗಿರುವುದು ಸಾಮಾನ್ಯವಾಗಿ 10ರಿಂದ 12ನೇ ವಯಸ್ಸಿನಲ್ಲಿ. ಗೆಳೆಯರು ಏನಂತಾರೆ ಅನ್ನುವುದು ಪ್ರಾಣಕ್ಕಿಂತ ಹೆಚ್ಚಾಗುವ ವಯಸ್ಸೂ ಅದೇ. ‘ಇಷ್ಟು ದೊಡ್ಡವನಾದ, ಇನ್ನೂ ಬುದ್ಧಿ ಬಂದಿಲ್ಲ’ ಅಂತ ನಾವು ಬೈಯಲು ಶುರುಮಾಡುವ ಹೊತ್ತೂ ಅದೇ.

ನಾಲ್ಕು ‘ಚಾಳಿ’, ನಾಲ್ಕು ಉತ್ತರ

ಮಕ್ಕಳು ಮತ್ತೆ ಮತ್ತೆ ಮಾಡುವುದೆಲ್ಲ ಟಿಕ್ ಅಲ್ಲ. ಬೇರೆ ಮಾಡಿ ನೋಡುವುದಕ್ಕೆ ಒಂದು ಸುಲಭದ ದಾರಿ ಇದೆ. ಮಗು ಸಮಾಧಾನವಾಗಿದ್ದಾಗ, ಬೈಯುವ ದನಿಯಲ್ಲಿ ಅಲ್ಲದೆ, ಪಕ್ಕದಲ್ಲಿ ಕೂತು ಕೇಳಿ: ‘ಅದು ಬರೋ ಮುಂಚೆ ನಿಂಗೆ ಏನನ್ಸುತ್ತೆ ಪುಟ್ಟಾ?’

‘ಕುತ್ತಿಗೆಯಲ್ಲಿ ಏನೋ ಆಗುತ್ತೆ, ಹಿಂಗೆ ಅಂದ್ರೆ ಹೋಗುತ್ತೆ’ ಅಂದರೆ ಅದು ಬಹುಶಃ ಟಿಕ್.

‘ಖುಷಿಯಾಗುತ್ತೆ’ ಅಥವಾ ‘ನಾನು ಕಥೆ ಯೋಚಿಸ್ತಿರ್ತೀನಿ’ ಅಂದರೆ ಅದು ಬೇರೆ ಜಾತಿ. ಎರಡೂ ಕೈ ರೆಕ್ಕೆಯ ಹಾಗೆ ಪಟಪಟ ಆಡಿಸುವುದು, ಕೂತಲ್ಲೇ ಹಿಂದೆ ಮುಂದೆ ತೂಗುವುದು, ಬೆರಳುಗಳನ್ನು ಕಣ್ಣೆದುರು ಕುಣಿಸುವುದು ಈ ಗುಂಪಿಗೆ ಸೇರುತ್ತವೆ. ವೈದ್ಯರು ಇದನ್ನು ಸ್ಟೀರಿಯೋಟೈಪಿ ಅಂತಾರೆ. ಇದು ಮೂರು ವರ್ಷದೊಳಗೇ ಶುರುವಾಗಿರುತ್ತದೆ. ಇದಕ್ಕೆ ತಾಳ ಇರುತ್ತದೆ. ವರ್ಷಗಟ್ಟಲೆ ಅದೇ ರೀತಿ ಇರುತ್ತದೆ, ಟಿಕ್‌ನ ಹಾಗೆ ಕಣ್ಣಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಭುಜಕ್ಕೆ ಅಲೆಯುವುದಿಲ್ಲ. ಹೆಸರು ಹಿಡಿದು ಕೂಗಿದರೆ ತಟ್ಟನೆ ನಿಲ್ಲುತ್ತದೆ, ಮಗುವಿಗೆ ತಡೆದುಕೊಂಡ ಕಷ್ಟ ಇರುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು, ನಿಜ. ಆದರೆ ಆಟಿಸಂ ಇಲ್ಲದ ಮಕ್ಕಳಲ್ಲೂ ಇರುತ್ತದೆ. ಮಾತು, ಬೆರೆಯುವುದು, ಕಣ್ಣಿಟ್ಟು ನೋಡುವುದು ಸರಿಯಿದೆಯೇ ಅನ್ನುವುದು ಮುಖ್ಯ. ಕೈ ಆಡಿಸಿದ ಮಾತ್ರಕ್ಕೆ ಯಾರೂ ಹಣೆಪಟ್ಟಿ ಹಚ್ಚಬಾರದು.

‘ಮಾಡದಿದ್ರೆ ಅಮ್ಮಂಗೆ ಏನಾದ್ರೂ ಆಗುತ್ತೆ’ ಅಥವಾ ‘ನಾಲ್ಕು ಸಲ ಮುಟ್ಟಲೇಬೇಕು, ಇಲ್ಲದಿದ್ರೆ ಭಯ’ ಅಂದರೆ ಅದು ಗೀಳು. ಗೀಳಿನ ಹಿಂದೆ ಒಂದು ಯೋಚನೆ ಇರುತ್ತದೆ, ಒಂದು ನಿಯಮ ಇರುತ್ತದೆ, ತಪ್ಪಿದರೆ ಮೊದಲಿಂದ ಮಾಡಬೇಕಾಗುತ್ತದೆ. ಬೀಗ ಎಳೆದೆಳೆದು ನೋಡುವುದು, ಕೈ ಸುಲಿದುಹೋಗುವ ಹಾಗೆ ತೊಳೆಯುವುದು ಇದರ ಮಾದರಿ. ನಮ್ಮ ಕಡೆ ಇದು ‘ಮಡಿ ಜಾಸ್ತಿ’, ‘ಶುದ್ಧ ಜಾಸ್ತಿ’ ಅನ್ನುವ ಹೆಸರಿನಲ್ಲಿ ಮೆಚ್ಚುಗೆಯನ್ನೂ ಪಡೆದು, ವರ್ಷಗಟ್ಟಲೆ ಅಡಗಿ ಕೂತಿರುತ್ತದೆ. ಟಿಕ್‌ನಲ್ಲಿ ಒತ್ತಡ ಇರುವುದು ಮೈಯಲ್ಲಿ, ಗೀಳಿನಲ್ಲಿ ಭಯ ಇರುವುದು ಮನಸ್ಸಿನಲ್ಲಿ. ಆದರೆ ಗೋಡೆ ಅಷ್ಟು ಗಟ್ಟಿಯಲ್ಲ. ಟಿಕ್ ಇರುವ ಮಗುವಿಗೆ ಗೀಳೂ ಇರಬಹುದು. ‘ಸರಿ ಅನ್ಸೋವರೆಗೂ ಮುಟ್ತೀನಿ’ ಅನ್ನುವ ಮಗುವಿನಲ್ಲಿ ಎರಡೂ ಬೆರೆತಿರಬಹುದು. ಅದನ್ನು ಬಿಡಿಸಿ ನೋಡುವುದು ವೈದ್ಯರ ಕೆಲಸ.

‘ಅಯ್ಯೋ, ಮಾಡ್ತಿದ್ದೆನಾ? ಗೊತ್ತೇ ಆಗಲಿಲ್ಲ’ ಅಂದರೆ ಅದು ಅಭ್ಯಾಸಬಲ. ಉಗುರು ಕಚ್ಚುವುದು, ಕಾಲು ಅಲ್ಲಾಡಿಸುವುದು, ಪೆನ್ಸಿಲ್ ಅಗಿಯುವುದು ಈ ಸಾಲಿಗೆ ಸೇರುತ್ತವೆ. ಬೇಜಾರಾದಾಗ, ಯೋಚಿಸುವಾಗ ಕೈ ತಾನಾಗಿ ಹೋಗುತ್ತದೆ. ಇದು ಮಕ್ಕಳಿಗೆ ಮಾತ್ರ ಇರುವುದಲ್ಲ, ಅರ್ಧಕ್ಕರ್ಧ ದೊಡ್ಡವರಿಗೂ ಇದೆ. ಆದರೆ ಕೂದಲು ಕಿತ್ತು ಕಿತ್ತು ತಲೆಯಲ್ಲಿ ಬೋಳು ಕಾಣಿಸುವುದು, ಚರ್ಮ ಕೆರೆದು ಗಾಯ ಮಾಡಿಕೊಳ್ಳುವುದು ಬರೀ ಅಭ್ಯಾಸ ಅಲ್ಲ. ಅದಕ್ಕೂ ಚಿಕಿತ್ಸೆ ಇದೆ, ತೋರಿಸಬೇಕು.

ಉಗ್ಗಿನ ಜೊತೆ ಬರುವ ಕಣ್ಣು ಮುಚ್ಚುವಿಕೆ

ಮೈಸೂರಿನವರಾದ ನಾವು ಇನ್ನೊಂದನ್ನು ತಿಳಿದಿರಬೇಕು. ಉಗ್ಗುವ ಮಕ್ಕಳು ಮಾತು ಸಿಕ್ಕಿಕೊಂಡಾಗ ಕಣ್ಣು ಬಿಗಿಯಾಗಿ ಮುಚ್ಚುತ್ತಾರೆ, ತಲೆ ಕುಲುಕುತ್ತಾರೆ, ಕಾಲು ನೆಲಕ್ಕೆ ಹೊಡೆಯುತ್ತಾರೆ. ನೋಡಿದರೆ ಟಿಕ್ ಹಾಗೇ ಕಾಣುತ್ತದೆ. ವ್ಯತ್ಯಾಸ ಇಷ್ಟೆ: ಇದು ಮಾತಾಡುವಾಗ, ಪದ ಹೊರಗೆ ಬರದೆ ಒದ್ದಾಡುವಾಗ ಮಾತ್ರ ಬರುತ್ತದೆ. ಸುಮ್ಮನೆ ಟಿವಿ ನೋಡುವಾಗ ಇರುವುದಿಲ್ಲ. ಇಂಥ ಮಕ್ಕಳಿಗೆ 1965ರಲ್ಲಿ ಶುರುವಾದ, ಮಾನಸಗಂಗೋತ್ರಿಯಲ್ಲಿರುವ ನಮ್ಮ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಸರಿಯಾದ ಜಾಗ. ದೇಶದ ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬರುವ ಸಂಸ್ಥೆ ಅದು. ದಟ್ಟಗಳ್ಳಿ, ಕುವೆಂಪುನಗರ, ಬೋಗಾದಿಯವರಿಗೆ ಮನೆ ಪಕ್ಕದಲ್ಲೇ ಇದ್ದ ಹಾಗೆ.

ತಡ ಮಾಡದೆ ತೋರಿಸಬೇಕಾದ್ದು

ಕೆಲವನ್ನು ಮಾತ್ರ ‘ಟಿಕ್ ಇರಬೇಕು, ಹೋಗುತ್ತೆ ಬಿಡು’ ಅಂತ ಬಿಡಬಾರದು.

ಮಗು ಕೆಲವು ಸೆಕೆಂಡು ಶೂನ್ಯ ನೋಟ ನೋಡುತ್ತಾ, ರೆಪ್ಪೆ ಅದುರಿಸುತ್ತಾ ನಿಂತುಬಿಡುತ್ತದೆಯೇ? ಆಗ ಕೂಗಿದರೂ ಕೇಳಿಸುವುದಿಲ್ಲವೇ? ಆಮೇಲೆ ಕೇಳಿದರೆ ಏನೂ ನೆನಪಿಲ್ಲವೇ? ಇದು ಒಂದು ಬಗೆಯ ಮೂರ್ಛೆ ರೋಗ ಇರಬಹುದು. ಟಿಕ್ ಬಂದಾಗ ಮಗುವಿಗೆ ಎಚ್ಚರ ಪೂರ್ತಿ ಇರುತ್ತದೆ.

ಮೈ-ಕೈ ನೀರಿನಲ್ಲಿ ಬಳ್ಳಿ ಆಡಿದ ಹಾಗೆ ಹೊರಳುವುದು, ತಡೆದುಕೋ ಅಂದರೂ ತಡೆಯಲು ಆಗದಿರುವುದು, ಲೋಟ ಕೈಜಾರುವುದು, ಚೆನ್ನಾಗಿದ್ದ ಅಕ್ಷರ ಕೆಟ್ಟುಹೋಗುವುದು, ಕಾರಣವಿಲ್ಲದೆ ಅಳುವುದು, ಇವು ಕೆಲವೇ ದಿನಗಳಲ್ಲಿ ಒಟ್ಟಿಗೆ ಬಂದರೆ ವೈದ್ಯರು ರುಮ್ಯಾಟಿಕ್ ಜ್ವರದ ಬಗ್ಗೆ ಯೋಚಿಸುತ್ತಾರೆ. ಗಂಟಲು ನೋವು ಬಂದುಹೋದ ಕೆಲವು ವಾರ ಅಥವಾ ತಿಂಗಳ ಮೇಲೆ 5ರಿಂದ 15 ವರ್ಷದ ಮಕ್ಕಳಲ್ಲಿ ಕಾಣಿಸುವ ಇದಕ್ಕೆ ಸಿಡೆನ್‌ಹ್ಯಾಮ್ ಕೊರಿಯಾ ಅಂತ ಹೆಸರು. ಹುಡುಗಿಯರಲ್ಲಿ ಹೆಚ್ಚು. ಅದೇ ಜ್ವರ ಹೃದಯದ ಕವಾಟಗಳನ್ನೂ ಹಾಳು ಮಾಡುವುದರಿಂದ ಹೃದಯದ ಪರೀಕ್ಷೆ ಆಗಲೇಬೇಕು. ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಹೋಗಿಲ್ಲ.

ಹದಿನೈದು-ಹದಿನಾರರ ಹುಡುಗಿಯೊಬ್ಬಳಿಗೆ ಹಿಂದೆ ಏನೂ ಇಲ್ಲದೆ, ಒಂದೇ ದಿನದಲ್ಲಿ ಕೈ ಬೀಸುವುದು, ಪದ ಕೂಗುವುದು ಎಲ್ಲ ಜೋರಾಗಿ ಶುರುವಾದರೆ ಅದರ ಸ್ವರೂಪವೂ ಬೇರೆ. ಕೊರೊನಾ ಕಾಲದಲ್ಲಿ ಹಲವು ದೇಶಗಳ ವೈದ್ಯರು ಇಂಥ ಮಕ್ಕಳನ್ನು ಹೆಚ್ಚಾಗಿ ಕಂಡರು. ಎಷ್ಟೋ ಜನ ಟಿಕ್‌ನ ವಿಡಿಯೋಗಳನ್ನು ಮೊಬೈಲಿನಲ್ಲಿ ಬಹಳ ನೋಡಿದ್ದರು. ಹಾಗಂತ ಅದು ನಾಟಕ ಅಲ್ಲ. ಒಳಗಿನ ಒತ್ತಡ ಮೈಮೂಲಕ ಹೊರಬರುವ ದಾರಿ ಅದು. ಚಿಕಿತ್ಸೆಯ ಹಾದಿ ಬೇರೆ, ಅಷ್ಟೆ.

ಬರೀ ಕಣ್ಣು ಮಿಟುಕಿಸುವುದಾದರೆ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಅಲರ್ಜಿ, ಕನ್ನಡಕದ ನಂಬರು, ಎರಡೂ ಕಾರಣ ಇರಬಹುದು. ಗಂಟಲು ಸರಿಮಾಡುವುದಾದರೆ ಅಲರ್ಜಿ, ಉಬ್ಬಸ ಇದೆಯೇ ನೋಡಿಸಿ. ರಾತ್ರಿ ನಿದ್ದೆಗೆಡಿಸುವ ಕೆಮ್ಮು ಸಾಮಾನ್ಯವಾಗಿ ಟಿಕ್ ಅಲ್ಲ.

ಟುರೆಟ್ ಅನ್ನುವ ಹೆಸರು

ಚಲನೆಯ ಟಿಕ್‌ಗಳು ಒಂದಕ್ಕಿಂತ ಹೆಚ್ಚು, ಜೊತೆಗೆ ಶಬ್ದದ ಟಿಕ್ ಕನಿಷ್ಠ ಒಂದು, ಶುರುವಾಗಿ ಒಂದು ವರ್ಷ ಮೀರಿದೆ, ಶುರುವಾದದ್ದು 18ರೊಳಗೆ, ಹೀಗಿದ್ದರೆ ಅದಕ್ಕೆ ಟುರೆಟ್ ಸಿಂಡ್ರೋಮ್ ಅಂತ ಹೆಸರು. 1885ರಲ್ಲಿ ಒಂಬತ್ತು ರೋಗಿಗಳ ವಿವರ ಬರೆದ ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ಡಿ ಲಾ ಟುರೆಟ್ ಅವರ ಹೆಸರದು. ಹೆಸರು ದೊಡ್ಡದಾದರೂ ಅದು ಭಯಂಕರ ರೋಗವೇನಲ್ಲ. ಆಯುಸ್ಸಿಗೂ ಬುದ್ಧಿಗೂ ಅದರಿಂದ ಕುಂದಿಲ್ಲ. ರಾಣಿ ಮುಖರ್ಜಿ ನಟಿಸಿದ 2018ರ ‘ಹಿಚ್ಕಿ’ ಸಿನಿಮಾ ನೋಡಿದವರಿಗೆ ನೆನಪಿರಬಹುದು, ಅದರಲ್ಲಿನ ಟೀಚರಿಗೆ ಇದ್ದದ್ದು ಇದೇ. ಟುರೆಟ್ ಇದ್ದೂ ಶಿಕ್ಷಕರಾದ ಅಮೆರಿಕದ ಬ್ರಾಡ್ ಕೋಹೆನ್ ಅವರ ನಿಜ ಬದುಕೇ ಆ ಕಥೆಗೆ ಮೂಲ.

ಟುರೆಟ್ ಇದ್ದವರೆಲ್ಲ ಕೆಟ್ಟ ಮಾತು ಕೂಗುತ್ತಾರೆ ಅನ್ನುವುದು ಇಂಗ್ಲಿಷ್ ಸಿನಿಮಾಗಳು ಹರಡಿದ ತಪ್ಪು ಕಲ್ಪನೆ. ಹಾಗಾಗುವುದು ಹತ್ತರಲ್ಲಿ ಒಬ್ಬಿಬ್ಬರಿಗೆ ಮಾತ್ರ. ಟಿಕ್‌ಗಿಂತ ಹೆಚ್ಚು ತೊಂದರೆ ಕೊಡುವುದು ಎಷ್ಟೋ ಸಲ ಅದರ ಜೊತೆಗೆ ಬರುವ ಗೀಳು, ಗಮನ ಕೊಡಲಾಗದ ಚಡಪಡಿಕೆ, ಆತಂಕ. ಡಾಕ್ಟರ ಹತ್ತಿರ ಹೋದಾಗ ಇವುಗಳನ್ನೂ ಮರೆಯದೆ ಹೇಳಿ.

ಕಾರಣ? ಮಿದುಳಿನಲ್ಲಿ ಚಲನೆಯನ್ನು ಶುರುಮಾಡುವ, ತಡೆಯುವ ಜಾಲಗಳ ಕೆಲಸದಲ್ಲಿನ ವ್ಯತ್ಯಾಸ. ಮನೆತನದಲ್ಲಿ ಹರಿದು ಬರುವುದೂ ಉಂಟು. ‘ಅವರ ತಾತನಿಗೂ ಹೀಗೇ ಗಂಟಲು ಕೆರೆಯೋ ಅಭ್ಯಾಸ ಇತ್ತು’ ಅಂತ ಅಜ್ಜಿ ನೆನಪು ಮಾಡಿಕೊಂಡರೆ ಅದನ್ನೂ ಡಾಕ್ಟರಿಗೆ ಹೇಳಿ. ಮುದ್ದು ಹೆಚ್ಚಾಗಿದ್ದಕ್ಕೆ, ಅಮ್ಮ ಕೆಲಸಕ್ಕೆ ಹೋಗಿದ್ದಕ್ಕೆ ಟಿಕ್ ಬರುವುದಿಲ್ಲ. ಸೊಸೆಯ ಮೇಲೆ ತಪ್ಪು ಹೊರಿಸುವ ಮನೆಗಳಿಗೆ ಈ ಸಾಲನ್ನು ಓದಿ ಹೇಳಿ.

ಏನು ಮಾಡಬೇಕು?

ಡಾಕ್ಟರ ಬಳಿ ಹೋಗುವ ಮುಂಚೆ ಮೊಬೈಲಿನಲ್ಲಿ ಒಂದೆರಡು ನಿಮಿಷದ ವಿಡಿಯೋ ಮಾಡಿಕೊಳ್ಳಿ, ಮಗುವಿಗೆ ಹೇಳಿ, ಒಪ್ಪಿಸಿ. ಡಾಕ್ಟರ ಮುಂದೆ ಕೂತಾಗ ಟಿಕ್ ಮಾಯವಾಗುವುದು ಬಹಳ ಸಾಮಾನ್ಯ. ತಂಗಿ ಮಗನಿಗೂ ಹಾಗೇ ಆಯಿತು. ಅರ್ಧ ಗಂಟೆ ಬೊಂಬೆಯ ಹಾಗೆ ಕೂತಿದ್ದ. ವಿಡಿಯೋ ನೋಡಿದ ಮೇಲೆಯೇ ಮಕ್ಕಳ ಡಾಕ್ಟರು ವಿಷಯ ಬಿಡಿಸಿ ಹೇಳಿದ್ದು. ಟಿಕ್ ಅಂತ ಹೇಳಲು ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ನೋಡಿ, ಕೇಳಿ ತಿಳಿಯುವುದೇ ದಾರಿ. ಬೇರೆ ಕಾಯಿಲೆಯ ಅನುಮಾನ ಇದ್ದರೆ ಮಾತ್ರ ಪರೀಕ್ಷೆ.

ಟಿಕ್ ಮಗುವಿಗೆ ತೊಂದರೆ ಕೊಡುತ್ತಿಲ್ಲ ಅಂದರೆ ಎಷ್ಟೋ ಸಲ ಔಷಧವೇ ಬೇಡ. ವಿಷಯ ತಿಳಿದುಕೊಂಡು, ಕಾಯ್ದು ನೋಡಿದರೆ ಸಾಕು. ಕುತ್ತಿಗೆ ನೋಯುತ್ತದೆ, ಓದಲು ಆಗುತ್ತಿಲ್ಲ, ಮಕ್ಕಳು ಆಡಿಕೊಳ್ಳುತ್ತಾರೆ ಅಂದಾಗ ಮೊದಲ ಚಿಕಿತ್ಸೆ ತರಬೇತಿ. ಎಜ್ರಿನ್ ಮತ್ತು ನನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1973ರಲ್ಲಿ ಹೇಳಿಕೊಟ್ಟ ವಿಧಾನದಿಂದ ಬೆಳೆದದ್ದು ಅದು. ಮೊದಲು ಮಗು ಆ ಒತ್ತಡವನ್ನು ಗುರುತಿಸಲು ಕಲಿಯುತ್ತದೆ. ಅದು ಬಂದಾಗ ಟಿಕ್‌ಗೆ ಎದುರಾದ ಇನ್ನೊಂದು ಕೆಲಸ ಮಾಡುತ್ತದೆ. ಗಂಟಲು ಸರಿಮಾಡುವ ಬದಲು ಮೂಗಿನಿಂದ ನಿಧಾನ ಉಸಿರು. ಕುತ್ತಿಗೆ ಝಾಡಿಸುವ ಬದಲು ಕತ್ತಿನ ಸ್ನಾಯುವನ್ನು ಮೆಲ್ಲಗೆ ಬಿಗಿಹಿಡಿಯುವುದು. ಒತ್ತಡ ಇಳಿಯುವವರೆಗೆ, ಸುಮಾರು ಒಂದು ನಿಮಿಷ. ಅಮೆರಿಕದಲ್ಲಿ 126 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಬಗೆಯ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳಿಗೆ ಚೆನ್ನಾಗಿ ಗುಣ ಕಂಡಿತು. ಬರೀ ತಿಳಿವಳಿಕೆ, ಧೈರ್ಯ ಪಡೆದವರಲ್ಲಿ ಐವರಲ್ಲಿ ಒಬ್ಬರಿಗೂ ಕಡಿಮೆ. ಇದು ‘ತಡ್ಕೋ’ ಅಂತ ಗದರುವುದಕ್ಕಿಂತ ಪೂರ್ತಿ ಬೇರೆ. ಗದರಿದಾಗ ಮಗುವಿನ ಕೈಯಲ್ಲಿ ಉಪಾಯ ಇರುವುದಿಲ್ಲ, ಇಲ್ಲಿ ಇರುತ್ತದೆ. ಟಿಕ್ ಜೋರಾಗಿದ್ದರೆ ಔಷಧಗಳೂ ಇವೆ. ಯಾವುದು, ಎಷ್ಟು ಅನ್ನುವುದು ಡಾಕ್ಟರಿಗೆ ಬಿಟ್ಟದ್ದು.

ಮನೆಯಲ್ಲಿ ಮಾಡಬೇಕಾದ್ದು ಅದಕ್ಕಿಂತ ಸುಲಭ, ಅದಕ್ಕಿಂತ ಕಷ್ಟ. ನೋಡಿಯೂ ನೋಡದ ಹಾಗೆ ಇರುವುದು. ‘ಮತ್ತೆ ಮಾಡ್ದೆ ನೋಡು’ ಅನ್ನದಿರುವುದು. ನೆಂಟರ ಮುಂದೆ ‘ಇವನಿಗೆ ಹೀಗಿದೆ, ಒಂದ್ಸಲ ಮಾಡಿ ತೋರ್ಸು’ ಅನ್ನದಿರುವುದು. ಮಾತೆತ್ತಿದರೆ ಸಾಕು, ಟಿಕ್ ಬರುತ್ತದೆ. ಆಕಳಿಕೆಯ ಸುದ್ದಿ ಎತ್ತಿದರೆ ನಮಗೆ ಆಕಳಿಕೆ ಬರುವ ಹಾಗೆ. ನಿದ್ದೆ ಸರಿಯಾಗಲಿ, ಸಂಜೆ ಒಂದು ಗಂಟೆ ಓಡಿ ಆಡಲಿ. ಅಣ್ಣ-ತಮ್ಮಂದಿರು ಅಣಕಿಸಿದರೆ ಅವರನ್ನು ತಿದ್ದಿ, ಇವನನ್ನಲ್ಲ. ದೃಷ್ಟಿ ತೆಗೆಯಬೇಕು ಅಂತ ಅಜ್ಜಿಗೆ ಅನಿಸಿದರೆ ತೆಗೆಯಲಿ, ಅವರ ಸಮಾಧಾನಕ್ಕೆ. ಬರೆ ಹಾಕಿಸುವುದು, ನಾಲಿಗೆಗೆ ಖಾರ ಹಚ್ಚುವುದು ಮಾತ್ರ ಯಾರು ಹೇಳಿದರೂ ಬೇಡ.

ಎಲ್ಲಿ ಹೋಗಬೇಕು ಅಂತ ಕೇಳುವವರಿಗೆ: ಮೊದಲು ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರು. ಬೇಕಾದರೆ ಅವರು ಮನೋವೈದ್ಯರಿಗೋ ನರರೋಗ ತಜ್ಞರಿಗೋ ಬರೆದುಕೊಡುತ್ತಾರೆ. ದೊಡ್ಡಾಸ್ಪತ್ರೆ ಅಂತ ನಾವು ಕರೆಯುವ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯಕೀಯ ವಿಭಾಗ ಇದೆ. ಯಾರನ್ನು ಕೇಳಬೇಕು ಅಂತಲೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಶಾಲೆಗೆ ಒಂದು ಪತ್ರ

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಶಾಲೆಯಲ್ಲಿ ಮಗುವಿಗೆ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. ಆದರೆ ಕಾನೂನು ಹಿಡಿದು ಜಗಳಕ್ಕೆ ಹೋಗುವ ಮುಂಚೆ ಟೀಚರ ಜೊತೆ ಕೂತು ಮಾತಾಡಿ ನೋಡಿ. ಬಹಳಷ್ಟು ಟೀಚರುಗಳು ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಅರವತ್ತು ಮಕ್ಕಳ ಮಧ್ಯೆ ಒಬ್ಬ ಮುಖ ಸೊಟ್ಟ ಮಾಡಿದರೆ ಅಣಕ ಅಂತಲೇ ಕಾಣುತ್ತದೆ. ನನ್ನ ತಂಗಿ ಡಾಕ್ಟರ ಚೀಟಿಯ ಜೊತೆ ಟೀಚರಿಗೆ ಒಂದು ಪತ್ರ ಬರೆದು ಕೊಟ್ಟಳು. ಅದಾದ ಮೇಲೆ ಅವನು ಬಾಗಿಲ ಹೊರಗೆ ನಿಲ್ಲಲಿಲ್ಲ. ಈಗ ಅವನು ಪಿಯುಸಿಯಲ್ಲಿದ್ದಾನೆ. ಕುತ್ತಿಗೆ, ಗಂಟಲು ಎರಡೂ ನಿಂತಿವೆ, ಪರೀಕ್ಷೆ ಬಂದಾಗ ಕಣ್ಣು ಸ್ವಲ್ಪ ಮಿಟುಕುತ್ತದೆ. ಹದಿಹರೆಯ ಮುಗಿಯುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ಟಿಕ್ ಹೀಗೇ ಇಳಿಯುತ್ತದೆ, ಕೆಲವರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಉಳಿದರೂ ಬದುಕು ನಡೆಯುತ್ತದೆ.

ಬೇಕಾದವರು ಕತ್ತರಿಸಿ ಇಟ್ಟುಕೊಳ್ಳಲಿ ಅಂತ ಆ ಪತ್ರವನ್ನು ಅವಳನ್ನು ಕೇಳಿಯೇ ಇಲ್ಲಿ ಕೊಡುತ್ತಿದ್ದೇನೆ:

‘ಮಾನ್ಯ ಮಿಸ್, ನನ್ನ ಮಗನಿಗೆ ಟಿಕ್ಸ್ ಇದೆ ಅಂತ ಡಾಕ್ಟರು ಹೇಳಿದ್ದಾರೆ. ಅವನು ಮುಖ ಸೊಟ್ಟ ಮಾಡುವುದು, ಗಂಟಲಲ್ಲಿ ಶಬ್ದ ಮಾಡುವುದು ನಿಮ್ಮನ್ನು ಅಣಕಿಸಲು ಅಲ್ಲ. ಸ್ವಲ್ಪ ಹೊತ್ತು ತಡೆದುಕೊಳ್ಳುತ್ತಾನೆ, ಪೂರ್ತಿ ನಿಲ್ಲಿಸಲು ಅವನಿಂದ ಆಗುವುದಿಲ್ಲ. ದಯವಿಟ್ಟು ಗಮನಿಸದ ಹಾಗೆ ಪಾಠ ಮುಂದುವರಿಸಿ. ಜಾಸ್ತಿಯಾದಾಗ ನೀರು ಕುಡಿಯಲು ಎರಡು ನಿಮಿಷ ಹೊರಗೆ ಹೋಗಲು ಬಿಡಿ, ಅದು ಶಿಕ್ಷೆ ಅಂತ ಅವನಿಗೆ ಅನಿಸದಿರಲಿ. ಬೇರೆ ಮಕ್ಕಳು ಕೇಳಿದರೆ “ಅವನಿಗೆ ಸೀನು ಬಂದ ಹಾಗೆ ಅದು ಬರುತ್ತೆ” ಅಂತ ಒಂದು ಮಾತು ಹೇಳಿ. ಪಾಠದಲ್ಲಿ ತಪ್ಪು ಮಾಡಿದರೆ ಬೇರೆ ಮಕ್ಕಳನ್ನು ತಿದ್ದುವ ಹಾಗೆಯೇ ಅವನನ್ನೂ ತಿದ್ದಿ. ಅದಕ್ಕೆ ನನ್ನ ಅಡ್ಡಿಯಿಲ್ಲ.’